ಸಂದಣಿಯಲ್ಲಿ ವಾಹನಗಳ ಗುರುತು

ಸದಾಶಿವನಗರದ ನಮ್ಮ ಬಾಲಿಕೆಯರು ದಿನವೂ ದಾಟುವ ತುಮಕೂರಿನ ರಸ್ತೆಗಳಲ್ಲಿ, ಗುಬ್ಬಿಗೂ ಕುಣಿಗಲಿಗೂ ಹೋಗುವ ಬಸ್ಸುಗಳು, ಲಾರಿಗಳು, ಸ್ಕೂಟರುಗಳು ಎಡೆಬಿಡದೆ ಹರಿಯುತ್ತಿರುವುವು. ಇಂಥ ಸಂದಣಿಯಲ್ಲಿ ಪ್ರತಿಯೊಂದು ವಾಹನವನ್ನೂ ಯಂತ್ರವು ತಪ್ಪದೆ ಹಿಂಬಾಲಿಸುವ ಬಗೆ ಹೇಗೆ? ಪೂರ್ವ ವಿದ್ಯಾರ್ಥಿನಿಯರು ತರಗತಿಯಲ್ಲಿ ಕಲಿತ ಕಾಲ, ದೂರ, ವೇಗಗಳ ಲೆಕ್ಕವೇ ಇದಕ್ಕೆ ಆಧಾರವಾದುದರಿಂದ, ಈ ವಿಷಯವನ್ನು ಸಂಕ್ಷೇಪವಾಗಿ ವಿವರಿಸಲಿಚ್ಛಿಸುತ್ತೇವೆ.

ರಸ್ತೆಯ ಮೇಲಿನ ಕ್ಯಾಮೆರಾವು ಸೆಕೆಂಡಿಗೊಂದು ಚಿತ್ರವನ್ನು ತೆಗೆಯುವುದೆಂದು ಭಾವಿಸೋಣ. ಒಂದೇ ಬಣ್ಣದ ಎರಡು ಆಟೋಗಳು ೧೨ ಮೀಟರು ಅಂತರದಲ್ಲಿ, ಗಂಟೆಗೆ ೩೬ ಕಿಲೋಮೀಟರು, ಎಂದರೆ ಸೆಕೆಂಡಿಗೆ ೧೦ ಮೀಟರು ವೇಗದಿಂದ ಸಾಗುತ್ತಿವೆ. ಮೊದಲನೆಯ ಚಿತ್ರದಲ್ಲಿ ಹಿಂದಿನ ಆಟೋ ಸೊನ್ನೆಯ ಗುರುತಿನಲ್ಲಿಯೂ ಮುಂದಿನದು ೧೨ನೆಯ ಮೀಟರಿನಲ್ಲಿಯೂ ಇರಲಿ. ಎರಡನೆಯ ಚಿತ್ರದಲ್ಲಿ ಅವು ೧೦ನೆಯ ಮತ್ತು ೨೨ನೆಯ ಮೀಟರುಗಳಲ್ಲಿರುವುವು. ಹತ್ತಿರ ಕಂಡುದೇ ಮೊದಲಿನ ವಾಹನವೆಂದು ಯಂತ್ರವು ಬಗೆದರೆ, ಮುಂದಿನ ಆಟೋ ೨ ಮೀಟರು ಹಿಂದಕ್ಕೆ ಬಂದಿತೆಂದು ತಪ್ಪು ಲೆಕ್ಕ ಹಾಕುವುದು. ಸಾಲೆಲ್ಲವೂ ಸೆಕೆಂಡಿಗೆ ೧೦ ಮೀಟರು ಮುಂದುವರಿಯುತ್ತಿದೆಯೆಂಬುದು ಮೊದಲೇ ತಿಳಿದಿದ್ದರೆ, ಪ್ರತಿಯೊಂದನ್ನೂ ಅದಿರಬೇಕಾದ ಸ್ಥಳದಲ್ಲಿಯೇ ಹುಡುಕಿ ಗುರುತಿಸುವುದು. ಕ್ಯಾಮೆರಾಗಳು ವಾಸ್ತವವಾಗಿ ಸೆಕೆಂಡಿಗೆ ಹಲವು ಚಿತ್ರಗಳನ್ನು ತೆಗೆಯುವುವಾದರೂ, ಲಾರಿಯ ಮರೆಯಲ್ಲಿ ಸ್ಕೂಟರು ಅಡಗಿ ಮತ್ತೆ ಕಾಣಿಸಿಕೊಂಡಾಗ ಇದೇ ತೊಡಕು ಒದಗುವುದು.

ಈ ಮುನ್ನರಿವು ದೊರೆಯುವುದೆಲ್ಲಿಂದ? ದಟ್ಟಣೆ ಹೆಚ್ಚಿದಂತೆ ವೇಗವು ಕುಗ್ಗುವ ಬಗೆಯನ್ನು ೧೯೩೫ರಲ್ಲಿ ಅಮೆರಿಕದ ಬ್ರೂಸ್ ಗ್ರೀನ್‌ಷೀಲ್ಡ್ಸ್ ಎಂಬವರು ಒಂದು ಸರಳ ರೇಖೆಯಿಂದ ತೋರಿಸಿದರು. ೧೯೫೫ರಲ್ಲಿ ಇಂಗ್ಲೆಂಡಿನ ಲೈಟ್‌ಹಿಲ್ ಮತ್ತು ವಿಟ್‌ಹ್ಯಾಮ್ ಎಂಬ ಗಣಿತಜ್ಞರು, ನದಿಯ ನೆರೆಯನ್ನು ಲೆಕ್ಕಿಸುವ ಗಣಿತವನ್ನೇ ವಾಹನಗಳ ಸಾಲಿಗೂ ಅನ್ವಯಿಸಿದರು. ಅದರಿಂದ ತಿಳಿದುಬಂದುದೇನಂದರೆ, ದಟ್ಟವಾದ ಸಾಲಿನಲ್ಲಿ ಮುಂದಿನ ವಾಹನವೊಂದು ನಿಂತರೆ ಆ ತಡೆಯು ಅಲೆಯಂತೆ ಹಿಂದಕ್ಕೆ ಹಬ್ಬುತ್ತದೆ. ವಾಹನಗಳು ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಆದುದರಿಂದ ಯಂತ್ರವು ದಟ್ಟಣೆಯನ್ನೆಣಿಸಿ, ವೇಗವನ್ನು ಊಹಿಸಿ, ಹೊಸ ಚಿತ್ರ ಬಂದಂತೆಲ್ಲ ತನ್ನ ಊಹೆಯನ್ನು ತಿದ್ದಿಕೊಳ್ಳುತ್ತಿರಬೇಕು. ಅದರಲ್ಲಿಯೂ ಸಾಲಿನ ಶಿಸ್ತಿಲ್ಲದೆ ಸ್ಕೂಟರುಗಳು ಬಸ್ಸುಗಳ ಸಂದಿಯಲ್ಲಿ ನುಸುಳುವ ನಮ್ಮ ರಸ್ತೆಗಳಲ್ಲಿ, ಪರದೇಶದ ಸೂತ್ರಗಳನ್ನು ಇಲ್ಲಿಯ ಅಳತೆಗಳಿಂದ ಸರಿಪಡಿಸದೆ ಬಳಸಲಾಗದು.

ಇದರ ಪ್ರಯೋಜನವೇನೆಂದು ಪೋಷಕರು ಕೇಳಬಹುದು. ಬೆಂಗಳೂರಿನ ಹಲವು ವೃತ್ತಗಳಲ್ಲಿ ಈಗ ವಾಹನಗಳ ಸಂದಣಿಯನ್ನು ಕಂಡು ಹಸಿರು ದೀಪದ ಅವಧಿಯನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆಯಿದೆ. ಆಂಬ್ಯುಲೆನ್ಸಿಗೆ ದಾರಿ ಬಿಡಿಸಬೇಕಾದರೆ, ಸಾಲಿನಲ್ಲಿ ಅದು ಯಾವುದೆಂಬ ಗುರುತು ತಪ್ಪಲೇಬಾರದು. ತಪ್ಪಿದರೆ ಒಂದು ಜೀವಕ್ಕೇ ಕುಂದುಂಟಾದೀತು.

ಯಂತ್ರವಿಲ್ಲದೆಯೂ ನಾವೆಲ್ಲರೂ ಆಚರಿಸಬಹುದಾದ ಪಾಠವೊಂದು ಇದರಲ್ಲಿದೆ. ಶಾಲೆ ಬಿಡುವ ವೇಳೆಯಲ್ಲಿ ಬಾಗಿಲ ಮುಂದೆ ನಡುರಸ್ತೆಯಲ್ಲಿ ಅರೆ ನಿಮಿಷ ನಿಲ್ಲಿಸಿದ ಕಾರು, ನಿಲ್ಲಿಸಿದವರ ಕಣ್ಣಿಗೆ ಕಾಣದಷ್ಟು ದೂರದವರೆಗೆ ತಡೆಯನ್ನು ಹಬ್ಬಿಸಬಲ್ಲದು. ಆ ಸಾಲಿನ ಕೊನೆಯಲ್ಲಿ ಆಸ್ಪತ್ರೆಗೆ ಹೊರಟ ರೋಗಿಯಿರಬಹುದು. ಆದಕಾರಣ ವಾಹನಗಳನ್ನು ರಸ್ತೆಯ ಪಕ್ಕಕ್ಕೆ ಸರಿಸಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದುಬಂದು ಮಕ್ಕಳನ್ನು ಕರೆದೊಯ್ಯಬೇಕೆಂದು ಪೋಷಕರಲ್ಲಿ ವಿನಂತಿಸಿಕೊಳ್ಳುತ್ತೇವೆ.