ಮೇ ಫ್ಲವರ್ ಯಾಕೆ ಅರಳಲಿಲ್ಲ?

ಪ್ರಶ್ನೆ: ಕುಂಡದ ಮೇ ಫ್ಲವರ್ ಗಡ್ಡೆ ಎರಡು ವರ್ಷದಿಂದ ಬರೀ ಎಲೆ ಬಿಡುತ್ತಿದೆ. ನೆಲದಲ್ಲಿರುವುದು ಅರಳಿದರೂ ಮೊಬೈಲ್‌ ಫೋಟೊದಲ್ಲಿ ಕೆಂಪು ಮುದ್ದೆ.

ಉತ್ತರ: ಬಹುಶಃ ನೀವು ವರ್ಷವಿಡೀ ನೀರು ಹಾಕುತ್ತಿದ್ದೀರಿ. ಎಲೆ ಹಳದಿಯಾದೊಡನೆ ನೀರು ನಿಲ್ಲಿಸಿ, ಕುಂಡವನ್ನು ಮಳೆ ತಾಗದ ಮೂಲೆಗೆ ಸರಿಸಿಬಿಡಿ. ಏಪ್ರಿಲ್‌ನಲ್ಲಿ ಮತ್ತೆ ನೀರು ಕೊಡಿ. ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕಿರಲಿ, ಪದೇಪದೇ ಕೀಳಬೇಡಿ. ಹೂವಾದ ಮೇಲೆ ಬರುವ ಎಲೆಯನ್ನು ಅಂದಕ್ಕಾಗಿ ಕತ್ತರಿಸಲೇಬೇಡಿ, ಮುಂದಿನ ಹೂವಿಗೆ ಅದೇ ಬಂಡವಾಳ. ಯೂರಿಯಾ ಬೇಡ. ಗಡ್ಡೆ ಮೆತ್ತಗಾಗಿ ನಾರುತ್ತಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಗಡ್ಡೆ ವಿಷಕಾರಿ, ಮಕ್ಕಳ ಕೈಗೆ ಸಿಗದಿರಲಿ.

ಫೋಟೊಗೆ ಬೆಳಗಿನ ನೆರಳೇ ಸರಿ. ಪರದೆಯ ಮೇಲೆ ಹೂವನ್ನು ಒತ್ತಿ, ಕೇಸರದ ತುದಿಯ ಹಳದಿ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವವರೆಗೆ ಬೆಳಕು ತಗ್ಗಿಸಿ. ಜೂಮ್ ಬೇಡ.