ಹ್ಯಾರಿ ಕ್ರೋ ಬಕ್: ಆಟದ ಗುರುಗಳನ್ನು ಸಿದ್ಧಪಡಿಸಿದ ಗುರು

ವಿದ್ಯಾರ್ಥಿಗಳೇ, ಆಟವನ್ನು ಕಲಿಸುವ ಗುರುವಿನ ಯೋಗ್ಯತೆಯನ್ನು ಲೋಕವು ಸಾಮಾನ್ಯವಾಗಿ ಗೆಲವುಗಳ ಲೆಕ್ಕದಿಂದ ಅಳೆಯುವುದು. ಅಮೆರಿಕದಲ್ಲಂತೂ ಈ ಲೆಕ್ಕಕ್ಕೆ ಬಲು ಬೆಲೆ. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದೆದು ಆಡುವ ಆಟವಲ್ಲ. ಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಅವಚಿಕೊಂಡು, ಅಡ್ಡ ಬಂದವರನ್ನು ಭೇದಿಸಿಕೊಂಡು ಮುನ್ನುಗ್ಗುವ ಆಟ. ಅದರ ಆದಿಕಾಲದ ಶಿಕ್ಷಕರಲ್ಲಿ ಏಮೋಸ್ ಅಲೊಂಜೊ ಸ್ಟ್ಯಾಗ್ ಎಂಬವರು ಪ್ರಖ್ಯಾತರು. ಧರ್ಮೋಪದೇಶಕರಾಗಬೇಕೆಂದು ಓದುತ್ತಿದ್ದ ಅವರು ಆ ಹಾದಿಯನ್ನು ಬಿಟ್ಟು, 1890ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಸಣ್ಣ ವಿದ್ಯಾಶಾಲೆಯೊಂದರಲ್ಲಿ ತಂಡವನ್ನು ಕಟ್ಟಿದರು. 1892ರಿಂದ ನಲವತ್ತು ವರ್ಷಗಳಿಗೂ ಮಿಕ್ಕು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದು, ವಯಸ್ಸು 70 ಆಯಿತೆಂದು ಅಲ್ಲಿಂದ ಬಿಡುಗಡೆ ಹೊಂದಿದಾಗ, ಮನೆಯಲ್ಲಿ ಕೂರದೆ ಕ್ಯಾಲಿಫೋರ್ನಿಯದ ಚಿಕ್ಕ ಕಾಲೇಜೊಂದಕ್ಕೆ ಹೋಗಿ 1946ರವರೆಗೂ ಕಲಿಸಿದರು. ಅವರ ಹೆಸರಿನಲ್ಲಿ 300ಕ್ಕೂ ಹೆಚ್ಚು ಗೆಲವುಗಳಿವೆ.

ಅದೇ ಸ್ಪ್ರಿಂಗ್‌ಫೀಲ್ಡಿನ ಶಾಲೆಯಲ್ಲಿ ಓದಿದ ಇನ್ನೊಬ್ಬರು ನಮ್ಮ ಮದ್ರಾಸಿಗೆ ಬಂದರು. ಅವರ ಹೆಸರು ಹ್ಯಾರಿ ಕ್ರೋ ಬಕ್. ಅವರ ಹೆಸರಿನಲ್ಲಿ ಗೆಲವುಗಳ ಪಟ್ಟಿಯಿಲ್ಲ. ಆದರೂ ನಿಮ್ಮ ವೇಳಾಪಟ್ಟಿಯಲ್ಲಿ ಆಟಕ್ಕೊಂದು ಅವಧಿ ಇರುವುದಕ್ಕೆ ಕಾರಣರಾದವರಲ್ಲಿ ಅವರೂ ಒಬ್ಬರು.

ಸ್ಪ್ರಿಂಗ್‌ಫೀಲ್ಡಿನ ಆ ವಿದ್ಯಾಶಾಲೆ ವೈ.ಎಂ.ಸಿ.ಎ. ಎಂಬ ಕ್ರೈಸ್ತ ತರುಣರ ಸಂಘಕ್ಕೆ ಸೇರಿದ್ದು. ಸ್ಟ್ಯಾಗರ ತಂಡದಲ್ಲಿ ಆಡುತ್ತಿದ್ದ ಜೇಮ್ಸ್ ನೇಸ್ಮಿತ್ ಎಂಬವರೇ 1891ರ ಡಿಸೆಂಬರಿನಲ್ಲಿ ಬ್ಯಾಸ್ಕೆಟ್‌ಬಾಲನ್ನು ಕಲ್ಪಿಸಿದವರು. ಹೊರಗೆ ಚಳಿ, ಒಳಗೆ ಬೇಸತ್ತ ಹುಡುಗರು. ಗೋಡೆಗೆ ಹಣ್ಣಿನ ಬುಟ್ಟಿಗಳೆರಡನ್ನು ಕಟ್ಟಿ, 13 ನಿಯಮಗಳನ್ನು ಬರೆದು ಅಂಟಿಸಿದರಂತೆ. ಅಲ್ಲಿಯೇ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ ವಾಲಿಬಾಲನ್ನು ರೂಪಿಸಿದರು. ಆಟವೆಂಬುದು ಪಾಠದಷ್ಟೇ ಯೋಚನೆಗೆ ಅರ್ಹವಾದ ವಿಷಯವೆಂದು ಭಾವಿಸಿದ ಮನೆ ಅದು.

ಬಕ್ ಅವರು 1884ರ ನವೆಂಬರ್ 25ರಂದು ಪೆನ್ಸಿಲ್ವೇನಿಯ ಸಂಸ್ಥಾನದ ಲಿವರ್‌ಪೂಲ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. 1919ರಲ್ಲಿ ಮದ್ರಾಸಿಗೆ ಬಂದರು. ವೈ.ಎಂ.ಸಿ.ಎ. ಇಲ್ಲಿ 1890ರಲ್ಲಿಯೇ ನೆಲೆಯೂರಿತ್ತು; ಕಾಸಿಮೇಡಿನಿಂದ ಕಡಲಂಚಿನ ಹಾದಿಯಲ್ಲಿ ದಕ್ಷಿಣಕ್ಕೆ ಹೋಗಿ ಬಂದರನ್ನು ದಾಟಿದರೆ, ಹೈಕೋರ್ಟಿನ ಎದುರಿಗೆ ಅದರ ಕೆಂಪು ಕಟ್ಟಡವನ್ನು ನೀವು ನೋಡಿಯೇ ಇರುವಿರಿ.

ಆಗಿನ ಶಾಲೆಗಳ ಸ್ಥಿತಿಯನ್ನು ತುಸು ತಿಳಿಯಬೇಕು. ಅಂಗಸಾಧನೆಯೆಂದರೆ ಬಹುಮಟ್ಟಿಗೆ ಕವಾಯತು. ಸೇನೆಯಿಂದ ನಿವೃತ್ತನಾದ ಯಾರನ್ನಾದರೂ ಅಲ್ಪ ವೇತನಕ್ಕೆ ಡ್ರಿಲ್ ಮೇಷ್ಟ್ರನ್ನಾಗಿ ಇಟ್ಟುಕೊಳ್ಳುವುದು. ಅವನು ಕೂಗಿದಂತೆ ಮಕ್ಕಳು ಸಾಲಾಗಿ ನಿಂತು ಕೈಕಾಲು ಆಡಿಸುವುದು. ಮಿಕ್ಕ ಉಪಾಧ್ಯಾಯರ ಸರಿಸಮಾನವಾದ ಮರ್ಯಾದೆ ಅವನಿಗೆ ದೊರಕುತ್ತಿದ್ದುದು ಅಪರೂಪ. ಗಣಿತ ಕಲಿಸುವವನಿಗೆ ತರಬೇತಿ ಬೇಕು, ಆಟ ಕಲಿಸುವವನಿಗೆ ಗಟ್ಟಿ ಗಂಟಲಿದ್ದರೆ ಸಾಕು ಎಂಬ ಭಾವನೆ! ಪರೀಕ್ಷೆ ಸಮೀಪಿಸಿತೆಂದರೆ ಆಟದ ಅವಧಿಯನ್ನೇ ಮೊದಲು ಕಿತ್ತುಕೊಳ್ಳುವುದನ್ನು ನೋಡಿದರೆ, ಆ ಭಾವನೆ ಪೂರ್ತಿ ಅಳಿದಿದೆಯೆಂದು ಹೇಳುವಂತಿಲ್ಲ.

ಬಕ್ ಅವರು ಒಂದು ತಂಡವನ್ನು ಕಟ್ಟಿ ಕಪ್ಪು ಗೆದ್ದು ಹೆಸರು ಪಡೆಯಬಹುದಾಗಿತ್ತು. ಅದರ ಬದಲು 1920ರಲ್ಲಿ, ಆಟ ಕಲಿಸುವ ಉಪಾಧ್ಯಾಯರಿಗೆಂದೇ ಒಂದು ಶಾಲೆಯನ್ನು ತೆರೆದರು. ಬಂದವರು ಬೆರಳೆಣಿಕೆಯ ಮಂದಿ. ಪತ್ನಿ ಮೇರಿ ಅವರೂ ಈ ಕೆಲಸದಲ್ಲಿ ಜೊತೆಯಾದರು. ಏಷ್ಯಾದಲ್ಲಿಯೇ ಈ ಬಗೆಯ ಮೊದಲನೆಯದೆಂದು ಹೆಸರಾದ ಆ ಶಾಲೆ ಮುಂದೆ ಅಡಯಾರು ನದಿಯ ಬಳಿ, ಸೈದಾಪೇಟೆಯ ಕಡೆಗೆ, ವಿಶಾಲವಾದ ಮೈದಾನದಲ್ಲಿ ಕಾಲೇಜಾಗಿ ಬೆಳೆಯಿತು. ದೇಹರಚನೆಯ ಶಾಸ್ತ್ರವನ್ನೂ ಬೋಧನೆಯ ಕ್ರಮವನ್ನೂ ಅಲ್ಲಿ ಕಲಿಸಿದರು. ವಿದೇಶದಿಂದ ಬಂದವರಾದರೂ ವಿದೇಶದ ಆಟವೊಂದೇ ಆಟವೆಂಬ ಹಟ ಬಕ್ ಅವರಿಗಿರಲಿಲ್ಲ. ವಾಲಿಬಾಲಿನ ಜೊತೆಗೆ ದಂಡೆ, ಬೈಠಕ್, ಲೇಜಿಮ್, ಚಡುಗುಡುಗಳಿಗೂ ಅಲ್ಲಿ ಸ್ಥಾನವಿತ್ತು. ಆಟಗಳ ನಿಯಮಗಳನ್ನು ಒಟ್ಟುಗೂಡಿಸಿ ಅವರು ಹೊರತಂದ ಪುಸ್ತಕ ಶಾಲೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು.

ಬಲೆ ಎಳೆದು ತೋಳು ಗಟ್ಟಿಯಾದ ಕಾಸಿಮೇಡಿನ ಹುಡುಗನಿಗೆ ಆಟದ ಪಾಠವೇಕೆ ಎಂದು ಯಾರಾದರೂ ಕೇಳಬಹುದು. ಬಲ ಬರುವುದಕ್ಕಷ್ಟೇ ಆಟವೆಂದಾದರೆ ಪ್ರಶ್ನೆ ಸರಿಯೇ. ಆದರೆ ವಾಲಿಬಾಲಿನಲ್ಲಿ ಒಬ್ಬನೇ ಎರಡು ಸಲ ಸತತವಾಗಿ ಚೆಂಡನ್ನು ಹೊಡೆಯಕೂಡದೆಂಬ ನಿಯಮವುಂಟು. ಎಷ್ಟೇ ಬಲವಿದ್ದರೂ ಪಕ್ಕದವನಿಗೆ ಬಿಟ್ಟುಕೊಡಲೇಬೇಕು. ಇದನ್ನು ಕವಾಯತು ಕಲಿಸಲಾರದು. ಆ ಆಟಕ್ಕೆ ಬೇಕಾದ ಸಾಮಗ್ರಿಯೂ ಸ್ವಲ್ಪವೇ: ಒಂದು ಚೆಂಡು, ಎರಡು ಕಂಬ, ಒಂದು ಬಲೆ. ಬಲೆಗೆ ಕಾಸಿಮೇಡಿನಲ್ಲಿ ಬರವೇ?

1924ರಲ್ಲಿ ಪ್ಯಾರಿಸ್ ನಗರದ ಒಲಿಂಪಿಕ್ ಕ್ರೀಡೆಗಳಿಗೆ ಹೊರಟ ಭಾರತದ ಓಟಗಾರರ ತಂಡಕ್ಕೆ ಬಕ್ ಅವರೇ ಮೇಲ್ವಿಚಾರಕರಾಗಿ ಹೋದರು. ತಂಡದಲ್ಲಿ ಹರ್ಡಲ್ಸ್ ಓಡಿದ ಲಕ್ಷ್ಮಣನ್, ಉದ್ದ ಜಿಗಿತದ ದಲೀಪ್ ಸಿಂಗ್ ಮೊದಲಾದವರಿದ್ದರು. ಹಡಗಿನಲ್ಲಿ ದೀರ್ಘ ಪಯಣ; ಎದುರಿಗೆ ಆ ವರ್ಷ 5 ಚಿನ್ನದ ಪದಕಗಳನ್ನು ಗೆದ್ದ ಫಿನ್ಲೆಂಡಿನ ನೂರ್ಮಿಯಂಥವರು. ನಮ್ಮವರಿಗೆ ಪದಕ ಒಂದೂ ಬರಲಿಲ್ಲ. ಗೆಲವನ್ನೇ ಎಣಿಸುವವರ ಕಣ್ಣಿಗೆ ಇದು ವ್ಯರ್ಥ ಯಾತ್ರೆ. ಆದರೆ ತಂಡವನ್ನು ಆರಿಸುವ, ಕಳುಹಿಸುವ ಕೆಲಸಕ್ಕೆ ಸ್ಥಿರವಾದ ಸಂಸ್ಥೆಯೊಂದು ಬೇಕೆಂಬ ಪ್ರಯತ್ನ ಮುಂದುವರಿದು, 1927ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ಒಲಿಂಪಿಕ್ ಸಂಘ ಹುಟ್ಟಿತು. ಅದರ ಸ್ಥಾಪನೆಗಾಗಿ ವೈ.ಎಂ.ಸಿ.ಎ.ಯ ನೋಯೆರೆನ್, ಬಕ್ ಮುಂತಾದವರು ಶ್ರಮಿಸಿದ್ದರು. ಮರುವರ್ಷವೇ ಆಮ್‌ಸ್ಟರ್‌ಡಾಮಿನಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು. ಅದರ ಕತೆ ಬೇರೆ.

ಮದ್ರಾಸು ಸರಕಾರವು ಅಂಗಸಾಧನೆಯ ವಿಷಯದಲ್ಲಿ ಬಕ್ ಅವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡಿತು. ಇಲ್ಲಿ ಕನ್ನಡಿಗರಾದ ನಾವು ಗಮನಿಸಬೇಕಾದುದೊಂದುಂಟು. ಆ ಕಾಲದಲ್ಲಿ ಮಂಗಳೂರಿನ ಸೀಮೆಯೂ ಬಳ್ಳಾರಿಯ ಸೀಮೆಯೂ ಮದ್ರಾಸು ಪ್ರಾಂತಕ್ಕೇ ಸೇರಿದ್ದುವು. ಅಲ್ಲಿನ ಶಾಲೆಗಳಿಗೂ ಇಲ್ಲಿನ ವಿದ್ಯಾ ಇಲಾಖೆಯ ಕಟ್ಟಳೆಯೇ ನಡೆಯುತ್ತಿತ್ತು. ಮದ್ರಾಸಿನಲ್ಲಿ ಆಟಕ್ಕೆ ದೊರೆತ ಮನ್ನಣೆ ನೇತ್ರಾವತಿಯ ದಡದ ಶಾಲೆಗೂ ಸಂಬಂಧಿಸಿದ್ದೇ.

ಬಕ್ ಅವರು ತಾಯ್ನಾಡಿಗೆ ಹೋಗಿ ನೆಲಸಲಿಲ್ಲ. 1943ರ ಜುಲೈ 24ರಂದು ಮದ್ರಾಸಿನಲ್ಲಿಯೇ ತೀರಿಕೊಂಡರು. ಅವರ ಕಾಲೇಜು ಈಗಲೂ ನಂದನಂನಲ್ಲಿ ನಡೆಯುತ್ತಿದೆ. ಪುಸ್ತಕಗಳ ಸಂತೆಗೆಂದು ನಿಮ್ಮಲ್ಲಿ ಹಲವರು ಆ ಮೈದಾನವನ್ನು ತುಳಿದಿರಬಹುದು. ತಂಡಿಯಾರ್‌ಪೇಟೆಯಲ್ಲಿ ಮೆಟ್ರೋ ರೈಲು ಹತ್ತಿದರೆ ಎಲ್ಲಿಯೂ ಬದಲಾಯಿಸದೆ ನಂದನಂನಲ್ಲಿ ಇಳಿಯಬಹುದು.