ಹೂವಿನ ಹೆಸರಲ್ಲೊಂದು ಪ್ರಶ್ನೆ



ಸೆಪ್ಟೆಂಬರ್ 29 ಮಹಾದೂತರಾದ ಮಿಕಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಇಂಗ್ಲೆಂಡಿನಲ್ಲಿ ಈ ದಿನಕ್ಕೆ ‘ಮಿಕಲ್‌ಮಸ್’ ಎನ್ನುತ್ತಾರೆ. ಬೇಸಿಗೆಯ ಹೂಗಳು ಬಾಡಿ ಚಳಿ ಕಾಲಿಡುವ ಆ ಹೊತ್ತಿಗೆ, ನೇರಳೆ ಎಸಳಿನ, ಹಳದಿ ನಡುವಿನ ಪುಟ್ಟ ಹೂವೊಂದು ಅಲ್ಲಿ ಗೊಂಚಲಾಗಿ ಅರಳುತ್ತದೆ. ಉತ್ತರ ಅಮೆರಿಕದಿಂದ ಬಂದ ಈ ಕಾಡುಗಿಡಕ್ಕೆ ಜನರಿಟ್ಟ ಹೆಸರು ‘ಮಿಕಲ್‌ಮಸ್ ಡೇಸಿ’. ಚಳಿಗಾಲದಲ್ಲಿ ಕಾಂಡ ಒಣಗಿದರೂ ಬೇರು ಸಾಯುವುದಿಲ್ಲ. ವಸಂತದಲ್ಲಿ ಚಿಗುರಿ, ಹಬ್ಬದ ಹೊತ್ತಿಗೆ ಮತ್ತೆ ಹೂ ಬಿಡುತ್ತದೆ.

ಸಸ್ಯಶಾಸ್ತ್ರಜ್ಞರು ಇದನ್ನು ಬಹುಕಾಲ ‘ಆಸ್ಟರ್’ ಕುಲಕ್ಕೆ ಸೇರಿಸಿದ್ದರು. ಗ್ರೀಕ್ ಭಾಷೆಯಲ್ಲಿ ನಕ್ಷತ್ರವೆಂದರ್ಥ. 1990ರ ದಶಕದಲ್ಲಿ ಕುಲದ ಹೆಸರು ಬದಲಾಯಿತು. ಜನರ ಬಾಯಲ್ಲಿ ಮಾತ್ರ ಮಹಾದೂತರ ಹೆಸರೇ ಉಳಿಯಿತು.

ಮಿಕಾಯೇಲ ಎಂಬುದು ಹೀಬ್ರೂ ಭಾಷೆಯಲ್ಲಿ ಒಂದು ಪ್ರಶ್ನೆ: “ದೇವರಿಗೆ ಸಮಾನರು ಯಾರು?” ಗೇಣು ನೆಲಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಯಲ್ಲಿ ದೇವರ ಸ್ಥಾನದಲ್ಲಿ ಕುಳಿತಿರುವುದು ಯಾವುದು? ಆ ನೆಲವೇ ಅಲ್ಲವೇ? ಮಕ್ಕಳ ಅಂಕ, ನೆರೆಯವರೆದುರಿನ ಪ್ರತಿಷ್ಠೆ, ಇವೂ ಹಾಗೆಯೇ ಮೆಲ್ಲಗೆ ಪೀಠವೇರುತ್ತವೆ.

ಜ್ಞಾನಸ್ನಾನದಲ್ಲಿ ಮಕ್ಕಳಿಗೆ ಸಂತರ ಹೆಸರಿಡುತ್ತೇವೆ, ದಿನವೂ ಕೂಗಿ ಕರೆಯುತ್ತೇವೆ, ಅರ್ಥವನ್ನು ಮರೆಯುತ್ತೇವೆ. ಇಂದು ರಾತ್ರಿ ಜಪಸರದ ನಂತರ ಪ್ರತಿ ಮಗುವಿಗೂ ಅದರ ಹೆಸರಿನ ಅರ್ಥ ತಿಳಿಸಿರಿ. ಮಾತು ಬಿಟ್ಟವರಿದ್ದರೆ, ಅವರ ಹೆಸರು ಹಿಡಿದು ನೀವೇ ಮೊದಲು ಕರೆಯಿರಿ.